ಬದನೆಕಾಯಿ ಹೋಯಿತು, ಕಡಲೆಕಾಳು ಬಂತು

ಬಳೇಪೇಟೆಯ ಮನೆಗಳಲ್ಲಿ ‘ಹೋಟೆಲಿಗೆ ಹೋಗೋಣ’ ಎಂದರೆ ಹೆಚ್ಚು ಯೋಚಿಸುವ ಅಗತ್ಯವಿರಲಿಲ್ಲ. ಬಳೆ ಅಂಗಡಿಗಳನ್ನೂ ವೀಣೆ, ತಬಲ ತೂಗುಹಾಕಿದ ವಾದ್ಯದ ಅಂಗಡಿಗಳನ್ನೂ ದಾಟಿ ಉಡುಪಿ ಶ್ರೀಕೃಷ್ಣ ಭವನಕ್ಕೆ ಹೋದರಾಯಿತು. ಸಾಗು ಮಸಾಲೆ ದೋಸೆ, ಮೇಲೆ ಒಂದು ಲೋಟ ಕಾಫಿ. ಏನಿದೆ ಎಂದು ಕೇಳಿದರೆ ಮಾಣಿ ಒಂದೇ ಉಸಿರಿಗೆ ಹೇಳಿಬಿಡುತ್ತಾನೆ. ಅಲ್ಲಿ ಯಾರಿಗೂ ಯಾರ ಎದುರೂ ಸಂಕೋಚವಿಲ್ಲ.

ಈಗ ಮಕ್ಕಳು ಕಾಲೇಜು ಮುಟ್ಟಿದ್ದಾರೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಇಂದಿರಾನಗರ. ಅಲ್ಲಿ ಜಪಾನಿನ ಊಟವೂ ಉಂಟು, ಮೆಡಿಟರೇನಿಯನ್ ಊಟವೂ ಉಂಟು. ಪೇಟೆಯ ಒಂದು ಮನೆಯ ಮಗಳು, ಎಂಜಿನಿಯರಿಂಗ್ ಕೊನೆಯ ವರ್ಷದವಳು, ತರಬೇತಿಯ ಮೊದಲ ಹಣ ಕೈಗೆ ಬಂದದ್ದೇ ಅಪ್ಪ ಅಮ್ಮನನ್ನು ಅಂಥ ಒಂದು ಹೋಟೆಲಿಗೆ ಕರೆದೊಯ್ದಳೆನ್ನಿ. ನೀಲಿ ಬಿಳಿ ಗೋಡೆ, ಮಂದ ದೀಪ, ಕುಂಡದಲ್ಲಿ ಆಲಿವ್ ಗಿಡ. ಅಪ್ಪ ಕನ್ನಡಕ ಏರಿಸಿ ಕಾರ್ಡನ್ನು ದೀಪದ ಹತ್ತಿರ ಹಿಡಿದರು. ಒಂದು ಹೆಸರೂ ಬಾಯಿಗೆ ಬರಲಿಲ್ಲ. ಕಣ್ಣು ತಾನಾಗಿ ಬಲಗಡೆಯ ದರದ ಸಾಲಿಗೆ ಜಾರಿತು.

‘ಸ್ಟಿಲ್ ವಾಟರಾ ಸರ್, ಸ್ಪಾರ್ಕ್ಲಿಂಗಾ?’ ಎಂದ ಬಡಿಸುವ ಹುಡುಗ.

‘ಕುಡಿಯೋ ನೀರು ಕೊಡಪ್ಪ’ ಎಂದರು ಅಪ್ಪ.

ಪಕ್ಕದ ಮೇಜಿನವರು ತಿರುಗಿ ನೋಡಿದರು. ಮಗಳು ತಲೆ ತಗ್ಗಿಸಿದಳು. ‘ಅಪ್ಪ, ಮೆಲ್ಲಗೆ ಮಾತಾಡಿ’ ಎಂದಳು. ಆಮೇಲೆ ಅಪ್ಪ ಮಾತೇ ಆಡಲಿಲ್ಲ.

ಆಸೆಯಿಂದ ಕರೆದುಕೊಂಡು ಬಂದವಳು ಅವಳೇ. ಆದರೂ ಆ ಒಂದು ಗಳಿಗೆಯಲ್ಲಿ, ಇವರು ತನ್ನ ಅಪ್ಪ ಎಂಬುದು ಪಕ್ಕದವರಿಗೆ ಗೊತ್ತಾಗದಿದ್ದರೆ ಚೆನ್ನಾಗಿತ್ತು ಎನಿಸಿರಲೂಬಹುದು. ಇದು ಮಕ್ಕಳು ಬಾಯಿಬಿಟ್ಟು ಹೇಳದ ಸಂಗತಿ, ತಂದೆ ತಾಯಿ ಗೊತ್ತಾದರೂ ತೋರಗೊಡದ ಸಂಗತಿ.

ಅಮ್ಮನಿಗೆ ಮಾತ್ರ ಅಡುಗೆಯ ವಿಷಯದಲ್ಲಿ ಸಂಕೋಚವಿಲ್ಲ. ಹಮ್ಮಸ್ಸನ್ನು ಬೆರಳಿನಿಂದ ತೆಗೆದು ನಾಲಿಗೆಗಿಟ್ಟು, ‘ಇದು ಬೇಯಿಸಿದ ಕಡಲೆಕಾಳಿನ ಚಟ್ನಿ ಅಲ್ವೇನೇ ಪುಟ್ಟಿ? ಎಳ್ಳೂ ಬಿದ್ದಿದೆ. ಒಗ್ಗರಣೆ ಒಂದು ಹಾಕಿಲ್ಲ’ ಎಂದರು. ನಿಜವೇ. ಬೇಯಿಸಿದ ಕಡಲೆ, ಅರೆದ ಎಳ್ಳು, ನಿಂಬೆರಸ, ಬೆಳ್ಳುಳ್ಳಿ, ಮೇಲೆ ಆಲಿವ್ ಎಣ್ಣೆ. ಫಲಾಫೆಲ್ ಎಂದರೆ ನೆನೆಸಿದ ಕಾಳನ್ನು ಬೇಯಿಸದೆ ತರಿತರಿಯಾಗಿ ರುಬ್ಬಿ ಕರಿದದ್ದು. ನಮ್ಮ ಅಂಬೊಡೆಯ ದಾರಿಯೇ. ಬಾಬಾ ಗನೂಶ್ ಎಂಬ ಗಂಭೀರ ಹೆಸರಿನ ಹಿಂದೆ ಇರುವುದು ಕೆಂಡದಲ್ಲಿ ಸುಟ್ಟ ಬದನೆಕಾಯಿ. ಗ್ರೀಕರ ಜಾಜಿಕಿ ಸೌತೆಕಾಯಿ ಹಾಕಿದ ಮೊಸರು ಪಚಡಿಗೆ ತೀರಾ ಹತ್ತಿರದ ನೆಂಟ.

ಈ ನೆಂಟಸ್ತಿಕೆ ಬರೀ ತಮಾಷೆಯ ಮಾತಲ್ಲ. ಬದನೆ ನಮ್ಮ ಕಡೆಯಿಂದ ಪರ್ಷಿಯಾ ಮಾರ್ಗವಾಗಿ ಅರಬರ ಕೈಸೇರಿ, ಅವರೊಂದಿಗೆ ಸ್ಪೇನ್ ಮುಟ್ಟಿತು. ಅರಬರು ಅದನ್ನು ಕರೆದದ್ದು ‘ಬಾದಿಂಜಾನ್’ ಎಂದು. ಕಡಲೆ ಮೊದಲು ಬೇಸಾಯಕ್ಕೆ ಬಂದದ್ದು ಇಂದಿನ ಟರ್ಕಿಯ ಆಗ್ನೇಯ ಭಾಗದಲ್ಲಿ. ಅದು ಈ ಕಡೆಗೆ ಬಂದು ಸಾವಿರಾರು ವರ್ಷಗಳಾದವು. ಎಳ್ಳಿನ ಸುಟ್ಟ ಕಾಳುಗಳು ಹರಪ್ಪದ ಉತ್ಖನನದಲ್ಲೇ ಸಿಕ್ಕಿವೆ. ಕಾಫಿಯನ್ನು ಬಾಬಾ ಬುಡನ್ ಯೆಮನ್‌ನಿಂದ ತಂದರೆಂಬುದು ಪ್ರತೀತಿ. ಮಸಾಲೆ ದೋಸೆಯೊಳಗಿನ ಆಲೂಗಡ್ಡೆ, ಚಟ್ನಿಯೊಳಗಿನ ಮೆಣಸಿನಕಾಯಿ ಅಮೆರಿಕ ಖಂಡದವು. ಪೇಟೆಯ ತಟ್ಟೆಯಲ್ಲಿ ಪರದೇಶ ಯಾವಾಗಲೋ ಬಂದು ಕುಳಿತಿದೆ.

ಹೋಟೆಲು ಎಂಬುದೂ ಒಂದು ಕಾಲಕ್ಕೆ ಹೊಸದೇ. ಮಡಿ ಮೈಲಿಗೆಯ ಮನೆಗಳಲ್ಲಿ ಹೋಟೆಲಿನ ತಿಂಡಿ ತಿಂದದ್ದನ್ನು ಅಜ್ಜಿಗೆ ತಿಳಿಯದಂತೆ ಮುಚ್ಚಿಡುತ್ತಿದ್ದ ಕಾಲವಿತ್ತು. ಗಾಂಧಿಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ ಹೆಸರಿನಲ್ಲೇ ಯಾರನ್ನು ಕರೆಯುತ್ತಿತ್ತು ಎಂಬುದನ್ನು ನೋಡಿ. 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂದು ಆರಂಭವಾದ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿಬಂದರು. ಅಲ್ಲಿನ ಹೋಟೆಲುಗಳಿಂದ ಅವರು ತಂದದ್ದು ಅಲ್ಲಿನ ತಿಂಡಿಯನ್ನಲ್ಲ, ಅಲ್ಲಿನ ಶುಚಿತ್ವವನ್ನು. ಕಾಫಿ ಕ್ಲಬ್ಬು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡು ಒಳಗೆ ಹೋಗಲಿ ಎಂಬ ಧೈರ್ಯವೂ ಆ ಹೋಟೆಲಿಗಿತ್ತು. ಹೊರಗಿನದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ತಲೆಯೆತ್ತಿ ಆರಿಸಿಕೊಂಡ ರೀತಿಯಿದು.

ಇನ್ನು ದರದ ಮಾತು. ಬಿಲ್ಲು ಬಂದಾಗ ಅಪ್ಪ ಮನಸ್ಸಿನಲ್ಲೇ ಅದನ್ನು ಮಸಾಲೆ ದೋಸೆಯ ಲೆಕ್ಕಕ್ಕೆ ಇಳಿಸಿದ್ದರೆ ತಪ್ಪೇನಿಲ್ಲ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಊಟವನ್ನೂ ಹೃದ್ರೋಗವನ್ನೂ ಜೊತೆಗಿಟ್ಟು ನೋಡುವ ಅಧ್ಯಯನ ಆರಂಭಿಸಿದರು. ಅದರಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪದ ಹಳ್ಳಿಗರೂ ಇದ್ದರು. ಅವರ ಊಟ ರೊಟ್ಟಿ, ಕಾಳು, ಸೊಪ್ಪು ತರಕಾರಿ, ಆಲಿವ್ ಎಣ್ಣೆ, ಮಾಂಸ ಅಪರೂಪ. ಯುನೆಸ್ಕೊ 2010ರಲ್ಲಿ ಮೆಡಿಟರೇನಿಯನ್ ಊಟದ ಕ್ರಮವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಎಂದರೆ, ಮಂದ ದೀಪದ ಕೆಳಗೆ ಇಷ್ಟು ದರಕ್ಕೆ ಮಾರಾಟವಾಗುತ್ತಿರುವುದು ಮೂಲದಲ್ಲಿ ರೈತರ ಊಟ. ನಮ್ಮ ರಾಗಿಮುದ್ದೆ ತಾರಾ ಹೋಟೆಲು ಸೇರಿದ ಕತೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ನಾವು ಕೊಡುವ ಹಣದಲ್ಲಿ ಕುರ್ಚಿಗೆಷ್ಟು, ಬೀದಿಯ ಬಾಡಿಗೆಗೆಷ್ಟು, ಕಡಲೆಗೆಷ್ಟು ಎಂದು ಲೆಕ್ಕ ಹಾಕುವವರು ಜಿಪುಣರಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ಹೇಳಬೇಕಾದ್ದು ಇಷ್ಟು. ಅಪ್ಪ ಅಮ್ಮನನ್ನು ಹೊಸ ಹೋಟೆಲಿಗೆ ಖಂಡಿತ ಕರೆದುಕೊಂಡು ಹೋಗಿ. ಕಾರ್ಡನ್ನು ಅವರ ಪರವಾಗಿ ಓದಿ, ಏನೇನು ಹಾಕಿದ್ದಾರೆಂದು ತಿಳಿಸಿ. ಆದರೆ ಅವರ ದನಿಯನ್ನು ತಗ್ಗಿಸಲು ಹೋಗಬೇಡಿ. ಚಿಕ್ಕಂದಿನಲ್ಲಿ ನೀವು ತುಂಬಿದ ಹೋಟೆಲಿನಲ್ಲಿ ಸಾಂಬಾರು ಚೆಲ್ಲಿ ಅತ್ತಾಗ ಅವರು ನಿಮ್ಮನ್ನು ಬೇರೆಯವರ ಮಗುವೆಂದು ತೋರಿಸಿಕೊಳ್ಳಲಿಲ್ಲ.

ತಂದೆ ತಾಯಂದಿರಿಗೂ ಒಂದು ಮಾತು. ಗೊತ್ತಿಲ್ಲದ ಹೆಸರು ಕಂಡರೆ ಕೇಳಿ, ಕೇಳುವುದು ದಡ್ಡತನವಲ್ಲ. ಇಷ್ಟವಾಗದಿದ್ದರೆ ಹಾಗೆಂದು ಹೇಳಿ, ಇಷ್ಟವಾದರೆ ಅದನ್ನೂ ಹೇಳಿ. ‘ನಮಗೆಲ್ಲ ಇದು ಯಾಕೆ’ ಎಂಬ ಒಂದು ಮಾತನ್ನು ಮಾತ್ರ ಬಿಟ್ಟುಬಿಡಿ. ಮೊದಲ ಸಂಪಾದನೆಯಲ್ಲಿ ಊಟ ಹಾಕಿಸುವ ಮಗುವಿಗೆ ಅದರಷ್ಟು ನೋಯಿಸುವ ಮಾತು ಬೇರೊಂದಿಲ್ಲ.