ಜೊತೆಗೆ ಕೂರೋರು

ಆರ್.ಟಿ. ನಗರದಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗಿನ ಹುಡುಗಿ ಏಳು ತಿಂಗಳಿಗೇ ತವರಿಗೆ ಹೊರಟಳು. ಪಾವಗಡದ ಕಡೆಯ ಹಳ್ಳಿ. ಇಲ್ಲಿ ನಡೆದು ಹೋಗುವಷ್ಟು ಹತ್ತಿರ ಹೆರಿಗೆ ಆಸ್ಪತ್ರೆಗಳಿವೆ. ಅಲ್ಲಿ ತಾಲ್ಲೂಕು ಆಸ್ಪತ್ರೆ ಮುಟ್ಟಲು ಗಾಡಿ ಬೇಕು. "ಇಲ್ಲೇ ಇರಬಹುದಿತ್ತಲ್ಲ" ಎಂದೆ. "ಆಸ್ಪತ್ರೆ ಐತೆ ಅಕ್ಕ, ಜೊತೆಗೆ ಕೂರೋರು ಯಾರವ್ರೆ?" ಎಂದಳು.

ಹಳ್ಳಿಗಾಡಿನ ಹೆರಿಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಿಲೋಮೀಟರು ಎಣಿಸುತ್ತೇವೆ. ಅವಳು ಹೇಳಿದ್ದು ಇನ್ನೊಂದು ದೂರದ ಮಾತು. ಆ ದೂರವನ್ನು ಎಪ್ಪತ್ತು ವರ್ಷ ಕಾಲ್ನಡಿಗೆಯಲ್ಲೇ ಕಳೆದವರು ಅವಳದೇ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಶಾಲೆಯ ಮುಖ ನೋಡದ ಅವರು ಈ ಕೆಲಸ ಕಲಿತದ್ದು ಅಜ್ಜಿಯಿಂದ. ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು, ಹಣ ಕೇಳದೆ. ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಹಾಗೆಂದು ಮನೆ ಹೆರಿಗೆಯ ಕಾಲವನ್ನು ಹಾಡಿ ಹೊಗಳುವಂತಿಲ್ಲ. ರಕ್ತಸ್ರಾವ ನಿಲ್ಲದಿದ್ದರೆ, ರಕ್ತದೊತ್ತಡ ಏರಿ ಫಿಟ್ಸ್ ಬಂದರೆ, ಮಗು ಅಡ್ಡ ಸಿಕ್ಕಿಕೊಂಡರೆ, ಎಷ್ಟೇ ಪಳಗಿದ ಕೈಯಾದರೂ ಸಾಲದು. ರಕ್ತ, ಔಷಧಿ, ಶಸ್ತ್ರಚಿಕಿತ್ಸೆ ಬೇಕು. 2005ರಲ್ಲಿ ಜನನಿ ಸುರಕ್ಷಾ ಯೋಜನೆಯೂ ಆಶಾ ಕಾರ್ಯಕರ್ತೆಯರೂ ಬಂದರು, 2008ರಲ್ಲಿ 108 ಆಂಬುಲೆನ್ಸ್ ಬಂತು. 2001–03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆಯ ದಾರಿ ಉಳಿಸಿದ ಜೀವಗಳು ಸಣ್ಣ ಸಂಖ್ಯೆಯಲ್ಲ.

ಆದರೆ ಸೂಲಗಿತ್ತಿ ಮಾಡುತ್ತಿದ್ದುದು ಒಂದೇ ಕೆಲಸವಲ್ಲ. ಮಗುವನ್ನು ಹೊರತೆಗೆಯುವುದರ ಜೊತೆಗೆ, ನೋವು ಶುರುವಾದಾಗಿನಿಂದ ಬೆನ್ನು ನೀವುತ್ತ, ಬೈದು, ನಗಿಸಿ, ರಾತ್ರಿಯಿಡೀ ಕಾಯುತ್ತಿದ್ದಳು. ಮೊದಲ ಕೆಲಸ ವೈದ್ಯರಿಗೂ ನರ್ಸುಗಳಿಗೂ ಹೋಯಿತು. ಎರಡನೆಯದು ಯಾರ ಪಾಲಿಗೂ ಬರಲಿಲ್ಲ. ಊರಿಂದ ಜೊತೆಗೆ ಬಂದ ಆಶಾ, ಹೆತ್ತ ತಾಯಿ, ಇಬ್ಬರೂ ಎಷ್ಟೋ ಕಡೆ ಹೆರಿಗೆ ಕೋಣೆಯ ಬಾಗಿಲಾಚೆ ಬೆಂಚಿನ ಮೇಲೆ ಉಳಿಯುತ್ತಾರೆ.

ಇದು ಬರೀ ಸಮಾಧಾನದ ವಿಷಯವಲ್ಲ. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ನೋವಿನ ಅವಧಿ ಕುಗ್ಗುತ್ತದೆ, ಸಿಸೇರಿಯನ್‌ಗಳು ಕಡಿಮೆಯಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಶಿಫಾರಸು ಮಾಡುತ್ತದೆ. 2017ರಲ್ಲಿ ಶುರುವಾದ ಕೇಂದ್ರದ 'ಲಕ್ಷ್ಯ' ಕಾರ್ಯಕ್ರಮ ಕೂಡ ಹೆರುವವಳು ಬಯಸಿದ ಒಬ್ಬರನ್ನು ಒಳಗೆ ಬಿಡಿ ಎನ್ನುತ್ತದೆ. ಅಡ್ಡಿಯಾಗುವುದು ಹಲವು ಸಲ ತೀರ ಸಣ್ಣ ಸಂಗತಿ: ಮಂಚಗಳ ನಡುವೆ ಪರದೆಯಿಲ್ಲ. ಪಕ್ಕದ ಮಂಚದಲ್ಲಿ ಇನ್ನೊಬ್ಬಳು ನರಳುತ್ತಿರುವಾಗ ಹೊರಗಿನವರನ್ನು ಬಿಡುವುದು ಹೇಗೆಂದು ನರ್ಸ್ ಕೇಳಿದರೆ ಅದೂ ನಿಜವೇ.

ನರಸಮ್ಮ ತೀರಿಕೊಂಡ ಅದೇ ತಿಂಗಳು ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರತಂದಿತು. ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರ ಕೈಗೆ ಒಪ್ಪಿಸುವ ಯೋಜನೆ ಅದು. ಅಂಥವರು ತಾಲ್ಲೂಕು ಆಸ್ಪತ್ರೆಗಳಿಗೆ ಬರಲಿ. ಅವರು ಬರುವ ತನಕ ಒಂದು ಪರದೆ, ಒಂದು ಸ್ಟೂಲು ಹಾಕಿ, ಬೆಂಚಿನ ಮೇಲೆ ಕಾಯುತ್ತಿರುವ ತಾಯಿಯನ್ನು ಒಳಗೆ ಕರೆಯಬಹುದು.