ಎಲ್ಲರ ಗಂಟಲಿಗೂ ಎಟಕುವ ಶ್ರುತಿ

ಬೆಂಗಳೂರಿನಲ್ಲಿ ಬ್ಯಾಪ್ಟಿಸ್ಟ್ ಅಂದರೆ ಬಹಳ ಜನಕ್ಕೆ ಮೊದಲು ನೆನಪಾಗುವುದು ಹೆಬ್ಬಾಳದ ಆಸ್ಪತ್ರೆ. 1973ರಲ್ಲಿ ಶುರುವಾದ ಆ ಆಸ್ಪತ್ರೆಯಲ್ಲಿ ರೆಬೆಕಾ ನೇಯ್ಲರ್ ಎಂಬ ಶಸ್ತ್ರವೈದ್ಯೆ ದಶಕಗಳ ಕಾಲ ದುಡಿದದ್ದನ್ನು ಹಳಬರು ಈಗಲೂ ಹೇಳುತ್ತಾರೆ. ನನಗೆ ಮಾತ್ರ ಬ್ಯಾಪ್ಟಿಸ್ಟ್ ಎಂಬ ಹೆಸರು ಕೇಳಿದರೆ ಹಾರ್ಮೋನಿಯಂ ನೆನಪಾಗುತ್ತದೆ. ಕಾಕ್ಸ್ ಟೌನಿನ ನಮ್ಮ ಪಕ್ಕದ ಮನೆಯ ಆಂಟಿ ಶನಿವಾರ ಸಂಜೆ ಆರಕ್ಕೆ ಅದರ ತಿದಿ ಒತ್ತಿದರೆಂದರೆ, ಇಡೀ ಬೀದಿಗೆ ಮಾರನೆಯ ದಿನದ ಚರ್ಚಿನ ಹಾಡುಗಳು ಗೊತ್ತಾಗುತ್ತಿದ್ದವು.

ಆಂಟಿಯ ಮನೆಮಾತು ತೆಲುಗು. ನಮ್ಮೊಂದಿಗೆ ಕನ್ನಡ, ಹೂವಿನವಳೊಂದಿಗೆ ತಮಿಳು, ರಸೆಲ್ ಮಾರ್ಕೆಟ್ಟಿನ ಮಟನ್ ಅಂಗಡಿಯಲ್ಲಿ ಉರ್ದು. ಕಂಟೋನ್ಮೆಂಟಿನ ಹೆಂಗಸರಿಗೆ ಇದೇನೂ ದೊಡ್ಡ ವಿಷಯವಲ್ಲ. ಗಂಡ ದೂರವಾಣಿನಗರದ ಐಟಿಐ ಕಾರ್ಖಾನೆಯ ನೌಕರ. ಬೆಳಗಿನ ಪಾಳಿಯ ಬಸ್ಸಿಗೆ ಅವರನ್ನು ಕಳಿಸಿ, ಮೂರು ಮಕ್ಕಳ ಡಬ್ಬಿ ಕಟ್ಟಿ, ಆಮೇಲೆ ಆಂಟಿ ಬೈಬಲ್ ಬಿಚ್ಚುತ್ತಿದ್ದರು. ಅದನ್ನು ಮುಚ್ಚಿಟ್ಟ ಮೇಲೆ ಪಾಠಕ್ಕೆ ಬರುವ ಹುಡುಗಿಯರು. ಅವರಲ್ಲಿ ನಾನೂ ಒಬ್ಬಳು.

ಆಂಟಿ ಮೊದಲು ಕಲಿಸಿದ್ದು ರಾಗವನ್ನಲ್ಲ, ಶ್ರುತಿ ಆರಿಸುವುದನ್ನು. ನನಗೆ ಮೇಲಿನ ಸ್ಥಾಯಿ ಸಲೀಸಾಗಿ ಬರುತ್ತಿತ್ತು. ಅದನ್ನು ತೋರಿಸಿಕೊಳ್ಳುವ ಆಸೆಯೂ ಇತ್ತು. ಅವರು ತಿದಿಯ ಮೇಲಿನ ಕೈ ತೆಗೆದು ಹೇಳಿದರು: “ನೋಡಮ್ಮಾ, ಅಷ್ಟು ಮೇಲೆ ಹಿಡಿದರೆ ಹಿಂದಿನ ಬೆಂಚಿನ ಮುದುಕರು ಬಾಯಿ ಮುಚ್ಚಿಕೊಳ್ತಾರೆ. ಅವರು ಹಾಡೋದು ನಿಲ್ಲಿಸಿದ ಮೇಲೆ ಅದು ಆರಾಧನೆ ಅಲ್ಲ, ಕಚೇರಿ.” ಸಭೆಯಲ್ಲಿ ಯಾರಿಗೆ ಎಲ್ಲಿಯವರೆಗೆ ಗಂಟಲು ಏರುತ್ತದೆ, ಯಾರಿಗೆ ಆ ವಾರ ಕೆಮ್ಮು, ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಅವರ ಬೆರಳು ಹಾರ್ಮೋನಿಯಂನ ಮನೆಯ ಮೇಲೆ ಇಳಿಯುತ್ತಿತ್ತು.

ಎಲ್ಲರೂ ಹಾಡಲೇಬೇಕು ಎಂಬ ಈ ಹಟ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅವರ ಹಿರಿಯರ ಊರಿನ ಕಥೆ ಓದಿದಾಗ. ಅಮೆರಿಕದ ಬ್ಯಾಪ್ಟಿಸ್ಟರು 1840ರಲ್ಲಿ ನೆಲ್ಲೂರಿನಲ್ಲಿ ನೆಲೆಯೂರಿದರು. ವರ್ಷಗಟ್ಟಲೆ ಅವರ ಬಳಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಆಮೇಲೆ 1876ರ ಭೀಕರ ಬರ. ಒಂಗೋಲಿನ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗ ಅಗೆಯುವ ಗುತ್ತಿಗೆ ಹಿಡಿದು ಸಾವಿರಾರು ಹಸಿದವರಿಗೆ ಕೂಲಿ ಕೊಟ್ಟರು. 1878ರ ಜುಲೈ 3ರಂದು ಒಂದೇ ದಿನ 2,222 ಜನ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು. ಹಾಗೆ ಬಂದವರಲ್ಲಿ ಹೆಚ್ಚಿನವರು ಮಾದಿಗರು. ಊರಿನ ಹಬ್ಬಕ್ಕೆ ತಮಟೆ ಬಾರಿಸಬೇಕು, ಗುಡಿಯ ಒಳಗೆ ಕಾಲಿಡುವಂತಿಲ್ಲ. ಅಂಥವರು ದೇವರ ಮನೆಯ ಒಳಗೇ ಕುಳಿತು ತಮ್ಮದೇ ನುಡಿಯಲ್ಲಿ ದನಿಯೆತ್ತಿ ಹಾಡಿದರು. ಆಂಟಿಯ ತಾತ ಆ ಕಡೆಯಿಂದ ಕೋಲಾರದ ಚಿನ್ನದ ಗಣಿಗೆ ಬಂದವರು. ಗಣಿಯಿಂದ ರೈಲು ಹಿಡಿದು ಅವರ ಮಕ್ಕಳು ಕಂಟೋನ್ಮೆಂಟಿಗೆ ಬಂದರು. ಹಿಂದಿನ ಬೆಂಚಿನವರ ಬಾಯಿ ಮುಚ್ಚಿಸಬಾರದು ಎಂಬ ಮಾತಿನ ಹಿಂದೆ ಇಷ್ಟು ದೂರದ ನಡಿಗೆ ಇತ್ತು.

ಅವರು ನುಡಿಸುತ್ತಿದ್ದ ಕೀರ್ತನೆಗಳಲ್ಲಿ 19ನೇ ಶತಮಾನದ ಪುರುಷೋತ್ತಮ ಚೌಧರಿಯವರವೂ ಇದ್ದವು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಬ್ಯಾಪ್ಟಿಸ್ಟರಾದ ಆತ ಕರ್ನಾಟಕ ಸಂಗೀತದ ಧಾಟಿಯಲ್ಲಿ ಯೇಸುವಿನ ಮೇಲೆ ತೆಲುಗಿನಲ್ಲಿ ಕೀರ್ತನೆ ಕಟ್ಟಿದವರು. ಅವನ್ನು ಆಂಟಿ ಹಾಡುವಾಗ ನನ್ನ ಅಜ್ಜಿ ಕಾಂಪೌಂಡಿನ ಈಚೆ ಹೂ ಕಟ್ಟುತ್ತಾ ತಾಳ ಹಾಕುತ್ತಿದ್ದರು. ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಚರ್ಚುಗಳಲ್ಲಿ, ಭಜನೆ ಮನೆಗಳಲ್ಲಿ, ನಾಟಕ ಕಂಪನಿಗಳಲ್ಲಿ ಅದು ಒಂದು ದಿನವೂ ನಿಲ್ಲಲಿಲ್ಲ. ಅದನ್ನು ಉಳಿಸಿಕೊಂಡವರಲ್ಲಿ ಇಂಥ ಹೆಂಗಸರ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ, ಕಡ್ಡಾಯದ ಪ್ರಾರ್ಥನಾ ಪುಸ್ತಕವಿಲ್ಲ. ಆದ್ದರಿಂದ ಹಾಡಿಗೆ ಅಲ್ಲಿ ಬಹಳ ತೂಕ. ಆದರೆ ಲಂಡನ್ನಿನಲ್ಲಿ 17ನೇ ಶತಮಾನದ ಕೊನೆಗೆ ಬೆಂಜಮಿನ್ ಕೀಚ್ ಎಂಬ ಪಾಸ್ಟರ್ ತಮ್ಮ ಸಭೆಯಲ್ಲಿ ಸಾಮೂಹಿಕ ಗೀತೆ ತಂದಾಗ ದೊಡ್ಡ ಜಗಳವೇ ಆಯಿತು. ಒಂದಷ್ಟು ಮಂದಿ ಸಭೆ ಬಿಟ್ಟೇ ಹೋದರು. ಐಸಾಕ್ ಮಾರ್ಲೋ ಎಂಬಾತ ಪುಸ್ತಕ ಬರೆದು ವಾದಿಸಿದ: ಸಭೆಯಲ್ಲಿ ಹೆಂಗಸರು ಮೌನವಾಗಿರಬೇಕು, ಹಾಡುವುದೂ ಸಲ್ಲದು. ಇದನ್ನು ಆಂಟಿಗೆ ಹೇಳಿದಾಗ ಅವರು ನಗಲಿಲ್ಲ. “ಅವರ ಮನೇಲಿ ಮಕ್ಕಳಿಗೆ ಜೋಗುಳ ಯಾರು ಹಾಡ್ತಿದ್ರಂತೆ?” ಎಂದು ಕೇಳಿದರು. ಆಂಟಿಯ ಸಭೆಯಲ್ಲೂ ಹೆಂಗಸು ಪ್ರಸಂಗ ಮಾಡುವ ಪದ್ಧತಿ ಇರಲಿಲ್ಲ. ಆದರೆ ಪ್ರಸಂಗ ಮುಗಿದ ಮೇಲೆ ಯಾವ ಹಾಡು ಎಂದು ತೀರ್ಮಾನಿಸುತ್ತಿದ್ದವರು ಆಂಟಿ. ಭಾನುವಾರ ಮಧ್ಯಾಹ್ನ ಜನ ಮನೆಗೆ ಹೊತ್ತೊಯ್ಯುತ್ತಿದ್ದದ್ದು ಆ ಹಾಡನ್ನೇ.

ಆಂಟಿ ಆರಿಸುತ್ತಿದ್ದ ಹಾಡುಗಳಲ್ಲೊಂದು ಹೆಂಗಸೇ ಬರೆದದ್ದು. ಅಮೆರಿಕದ ಬ್ರೂಕ್ಲಿನ್ನಿನಲ್ಲಿ ಆ್ಯನಿ ಹಾಕ್ಸ್ ಎಂಬ ಬ್ಯಾಪ್ಟಿಸ್ಟ್ ಗೃಹಿಣಿ ಇದ್ದಳು, ಮೂರು ಮಕ್ಕಳ ತಾಯಿ. 1872ರಲ್ಲಿ ಒಂದು ಬೆಳಿಗ್ಗೆ ಮನೆಗೆಲಸದ ನಡುವೆ ಆಕೆಗೆ ಹೊಳೆದ ಗೀತೆಗೆ ಪಾಸ್ಟರ್ ರಾಬರ್ಟ್ ಲೌರಿ ರಾಗ ಹಾಕಿದರು. ಅದು ಲೋಕವೆಲ್ಲ ಹರಡಿತು. ಆಂಟಿಗೆ ಅದು ಎಲ್ಲಕ್ಕಿಂತ ಪ್ರಿಯ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಅವರು ರಾಗ ಹಿಡಿದರೆ, ಪಾತ್ರೆ ಒರೆಸುವ ಮಗಳು ಆಲ್ಟೊ, ಶೂ ಪಾಲಿಶ್ ಮಾಡುವ ಮಗ ಟೆನರ್. ಅಂಕಲ್ ಕೆಳಗಿನ ದನಿಯಲ್ಲಿ ಗುನುಗುತ್ತಿದ್ದರು. ಸಂಗೀತಕ್ಕೆಂದು ಸಂಸಾರದಿಂದ ಹೊತ್ತು ಕದಿಯುವ ಕಷ್ಟ ಅವರಿಗೆ ಬರಲಿಲ್ಲ.

ನಂಬಿಕೆಗೂ ಮನೆಗೂ ನಡುವೆ ಕಷ್ಟ ಬಂದದ್ದು ಬೇರೆ ಕಡೆಯಿಂದ. ಮಗಳು ಶಿವಾಜಿನಗರದ ಕ್ಯಾಥೊಲಿಕ್ ಮನೆಗೆ ಸೊಸೆಯಾಗಿ ಹೋದಳು. ಮೊಮ್ಮಗು ಹುಟ್ಟಿತು, ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಜ್ಞಾನಸ್ನಾನ ನಿಶ್ಚಯವಾಯಿತು. ತಿಳಿವಳಿಕೆ ಬಂದ ಮೇಲೆ, ತಾನೇ ನಂಬಿ ನೀರಿಗಿಳಿಯಬೇಕು ಎಂಬುದು ಬ್ಯಾಪ್ಟಿಸ್ಟರ ಮೂಲ ಮಾತು. ಅದಕ್ಕಾಗಿ ಯುರೋಪಿನಲ್ಲಿ ಜೈಲಿಗೆ ಹೋದವರಿದ್ದಾರೆ. ಹಸುಗೂಸಿನ ತಲೆಗೆ ನೀರೆರೆಯುವುದು ತಮಗೆ ಒಪ್ಪಿಗೆಯಿಲ್ಲ ಎಂದು ಆಂಟಿ ಮಗಳಿಗೆ ನೇರವಾಗಿ ಹೇಳಿದರು. ಹೇಳಿದ ಮೇಲೆ ಕಮರ್ಶಿಯಲ್ ಸ್ಟ್ರೀಟಿಗೆ ಹೋಗಿ ಬಿಳಿ ಸ್ಯಾಟಿನ್ ತಂದು ತಾವೇ ಕೂತು ಮಗುವಿನ ಗೌನು ಹೊಲಿದರು. ಆ ದಿನ ಬೆಸಿಲಿಕಾದಲ್ಲಿ ಮೊದಲ ಸಾಲಿನಲ್ಲಿ ಕುಳಿತು, ತಮಗೆ ಬರುವ ಹಾಡಿಗೆ ದನಿ ಸೇರಿಸಿದರು. ನಂಬಿಕೆಯನ್ನು ಸಡಿಲಿಸಲಿಲ್ಲ, ಮಗಳ ಕೈಯನ್ನೂ ಬಿಡಲಿಲ್ಲ. ಎರಡನ್ನೂ ಹೀಗೆ ಹಿಡಿದುಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ.

ಅಂಕಲ್ ತೀರಿಕೊಂಡ ಮೇಲೆ ಮಹಡಿಯ ಮನೆಗೆ ನಾಗಾಲ್ಯಾಂಡಿನ ಹುಡುಗಿಯರು ಬಾಡಿಗೆಗೆ ಬಂದರು, ಇಂದಿರಾನಗರದ ಸಲೂನುಗಳಲ್ಲಿ, ಹೋಟೆಲುಗಳಲ್ಲಿ ಕೆಲಸಕ್ಕಿದ್ದವರು. ಅವರೂ ಬ್ಯಾಪ್ಟಿಸ್ಟರು, ಅವರ ಕಡೆ ಬ್ಯಾಪ್ಟಿಸ್ಟ್ ಮಿಷನ್ ಬೇರೂರಿದ್ದು ಆ್ಯನಿ ಹಾಕ್ಸಳ ಗೀತೆ ಹುಟ್ಟಿದ ಅದೇ 1872ರಲ್ಲಿ. ಅಂಗಡಿಯ ಉರ್ದು ಬಿಟ್ಟರೆ ಆಂಟಿಗೆ ಹಿಂದಿ ಅಷ್ಟಕ್ಕಷ್ಟೆ, ಅವರಿಗೆ ತೆಲುಗು ಕನ್ನಡ ಬಾರದು. ಆದರೆ ಎರಡೂ ಕಡೆಯವರಿಗೆ ಟಾನಿಕ್ ಸೋಲ್ಫಾ ಓದಲು ಬರುತ್ತಿತ್ತು. ಐದು ಗೆರೆಗಳ ಬದಲು ಅಕ್ಷರ, ಚುಕ್ಕೆಗಳಲ್ಲಿ ಸ್ವರ ಬರೆಯುವ ಪದ್ಧತಿ ಅದು. ಅದರ ಮೂಲ ರೂಪ ಕಟ್ಟಿದ್ದು ನಾರ್ವಿಚ್ಚಿನ ಸಾರಾ ಗ್ಲೋವರ್ ಎಂಬ ಶಿಕ್ಷಕಿ. ಮೆಟ್ಟಿಲ ಮೇಲೆ ಕುಳಿತು ಡೊ ರೇ ಮಿ ಹಿಡಿದು ಆಂಟಿಯೂ ಹುಡುಗಿಯರೂ ನಾಲ್ಕು ದನಿಯಲ್ಲಿ ಹಾಡತೊಡಗಿದರು. 2012ರ ಆಗಸ್ಟಿನಲ್ಲಿ ದಾಳಿಯ ವದಂತಿಗೆ ಬೆದರಿ ಈಶಾನ್ಯದವರು ಗುಂಪುಗುಂಪಾಗಿ ಗುವಾಹಟಿ ರೈಲು ಹತ್ತುತ್ತಿದ್ದಾಗ, ಆಂಟಿ ಈ ಹುಡುಗಿಯರನ್ನು ಕೆಳಗಿಳಿಸಿ ತಮ್ಮ ಹಾಲಿನಲ್ಲೇ ಮಲಗಿಸಿಕೊಂಡರು.

ಈಗ ಅವರು ಕೆ.ಆರ್. ಪುರದಲ್ಲಿ ಮಗನ ಮನೆಯಲ್ಲಿದ್ದಾರೆ. ಅಲ್ಲಿನ ಸಭೆಯಲ್ಲಿ ಮೊಮ್ಮಗಳು ಕೀಬೋರ್ಡ್ ನುಡಿಸುತ್ತಾಳೆ. ಒಂದು ಗುಂಡಿ ಒತ್ತಿದರೆ ಶ್ರುತಿಯೇ ಬದಲಾಗುತ್ತದೆಂದು ಆಂಟಿಗೆ ಬಹಳ ಖುಷಿ. ಕಳೆದ ಕ್ರಿಸ್‌ಮಸ್ಸಿಗೆ ಮೊದಲು ನಾನು ಮೆಟ್ರೋ ಹಿಡಿದು ಕ್ವಾಯರಿನ ಅಭ್ಯಾಸ ನೋಡಲು ಹೋದೆ. ಅಜ್ಜಿಯ ದನಿ ಈಗ ಏರುವುದಿಲ್ಲವೆಂದು ಮೊಮ್ಮಗಳು ಹಾಡನ್ನು ಎರಡು ಮನೆ ಕೆಳಗಿಳಿಸಿದಳು. ಆಂಟಿ ಕೈ ಎತ್ತಿ ನಿಲ್ಲಿಸಿದರು. “ಬೇಡ ಕಣಮ್ಮಾ, ಸಂಡೆ ಸ್ಕೂಲಿನ ಮಕ್ಕಳಿಗೆ ಅಷ್ಟು ಕೆಳಗೆ ಸಿಗಲ್ಲ. ನೀನು ಮೊದಲಿನ ಹಾಗೇ ನುಡಿಸು, ನಾನು ಟೆನರ್ ಕಡೆ ಹೋಗ್ತೀನಿ” ಎಂದು ಕುರ್ಚಿ ಎತ್ತಿಕೊಂಡು ಗಂಡಸರ ಸಾಲಿನ ತುದಿಗೆ ಹೋಗಿ ಕುಳಿತರು.