ಗುಡ್ಡದಿಂದ ಗುಂಡುತೋಪಿಗೆ

ಬೈರಕೂರು ಹೋಬಳಿಯಲ್ಲಿ ಕಾಡು ಎಲ್ಲಿದೆ ಎಂದು ಹೊರಗಿನವರು ಕೇಳಿದರೆ, ಇಗೋ ಎಂದು ಕೈ ತೋರಿಸಲು ದಟ್ಟವಾದದ್ದೇನೂ ಕಣ್ಣಿಗೆ ಬೀಳುವುದಿಲ್ಲ. ಬಂಡೆಗುಡ್ಡ, ಅದರ ಮೈಮೇಲೆ ಕುರುಚಲು, ಬುಡದಲ್ಲಿ ಗೋಮಾಳ, ಗೋಮಾಳದ ಇಳಿಜಾರಿಗೆ ಒಂದು ಕುಂಟೆ, ಅಲ್ಲಿಂದ ಕೆರೆಗೆ ಕಾಲುವೆ, ಊರಂಚಿಗೆ ಗುಂಡುತೋಪು, ಆಚೆಗೆ ರಾಗಿ, ಟೊಮೇಟೊ, ಹಿಪ್ಪುನೇರಳೆ. ಮುಳಬಾಗಿಲಿನ ಈ ಮೂಲೆಯ ಚಹರೆ ಹೆಚ್ಚುಕಡಿಮೆ ಇಷ್ಟೇ. ಆಂಧ್ರ ಇಲ್ಲಿಗೆ ಹತ್ತಿರ. ಒಂದೇ ಜಗಲಿಯ ಮೇಲೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ. ಪ್ರಾಣಿಗಳಂತೂ ಆ ಗಡಿಯನ್ನು ಎಂದೂ ಲೆಕ್ಕಕ್ಕೆ ಇಟ್ಟುಕೊಂಡವಲ್ಲ.

ಹೊತ್ತು ಇಳಿಯುವಾಗ ಕಾಲುವೆಯ ಬದುವಿನ ಮೇಲೆ ಸದ್ದಿಲ್ಲದೆ ಕೂತು ನೋಡಬೇಕು. ಹೊಂಗೆಯ ನೆರಳು, ಲಕ್ಕಿಗಿಡದ ಸಾಲು, ನಡುವೆ ತಂಗಡಿ, ಕತ್ತಾಳೆ, ಕಳ್ಳಿ. ಆ ಹಸಿರಿನ ಮರೆಯಲ್ಲೇ ಮುಂಗುಸಿ ದಾಟುತ್ತದೆ, ಮೊಲ ನುಸುಳುತ್ತದೆ, ನವಿಲು ಮರಿಗಳನ್ನು ಕರೆದುಕೊಂಡು ನೀರಿಗೆ ಇಳಿಯುತ್ತದೆ. ಎರಡೂ ಬದಿಯ ಹೊಲ ಬಯಲಾಗಿರುವಾಗ ಗುಡ್ಡದಿಂದ ಕೆರೆಗೆ ಮರೆ ಇರುವ ದಾರಿ ಅದೊಂದೇ. ವನ್ಯಜೀವಿ ಕಾರಿಡಾರ್ ಎಂದರೆ ನಾವು ಬಂಡೀಪುರ, ನಾಗರಹೊಳೆ ಎನ್ನುತ್ತೇವೆ. ನನ್ನ ಕಣ್ಣಿಗೆ ಈ ಕಾಲುವೆಯ ಬದುವೂ ಅದೇ.

ಕಾಡುಪಾಪದ ಸಂಗತಿ ಕೇಳಿ. ದುಂಡು ಕಣ್ಣಿನ ಈ ಪುಟ್ಟ ಪ್ರಾಣಿ ರಾತ್ರಿಯಲ್ಲಿ ಓಡಾಡುತ್ತದೆ, ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ಕೈಯಿಟ್ಟು ಸಾಗುತ್ತದೆ. ನೆಗೆಯುವ ಸ್ವಭಾವ ಅದಕ್ಕಿಲ್ಲ. ನಡುವೆ ಒಂದು ಮರ ಉರುಳಿದರೂ ದಾರಿ ಕಡಿಯಿತು. ತುಮಕೂರಿನ ಪಕ್ಕದ ನಾಗವಲ್ಲಿಯಲ್ಲಿ ಶಾಲೆಯ ಮೇಷ್ಟ್ರೊಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರಿನ ತೋಪು, ಬೇಲಿಗಳಲ್ಲಿರುವ ಕಾಡುಪಾಪಗಳನ್ನು ಗುರುತಿಸಿ ಕಾಪಾಡಲು ಹೊರಟರು. ಅಭಯಾರಣ್ಯದ ಬೋರ್ಡು ಇಲ್ಲದ ಕಡೆಯೂ ಇದು ಆಗುತ್ತದೆ ಎನ್ನುವುದಕ್ಕೆ ಬಯಲುಸೀಮೆಯದೇ ಸಾಕ್ಷಿ ಇದು.

ಇನ್ನು ದೊಡ್ಡವರ ಪಯಣ. 1980ರ ದಶಕದಲ್ಲಿ ಹೊಸೂರು, ಧರ್ಮಪುರಿ ಕಡೆಯ ಕಾಡುಗಳಿಂದ ಹೊರಟ ಆನೆಗಳು ಚಿತ್ತೂರು ಜಿಲ್ಲೆಗೆ ಬಂದು ನೆಲೆನಿಂತವು. 1990ರಲ್ಲಿ ಅಲ್ಲಿ ಕೌಂಡಿನ್ಯ ಅಭಯಾರಣ್ಯ ಆಯಿತು. ಅಂದಿನಿಂದ ಮೂರು ರಾಜ್ಯಗಳು ಸೇರುವ ಈ ಮೂಲೆಯಲ್ಲಿ ಆನೆಗಳ ಓಡಾಟ ನಡೆದೇ ಇದೆ. ನಮ್ಮ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಿಗೆ ಅದರ ಬಿಸಿ ಚೆನ್ನಾಗಿ ತಟ್ಟಿದೆ. ಸಾಲ ಮಾಡಿ ಕೋಲು ನಿಲ್ಲಿಸಿ, ದಾರ ಕಟ್ಟಿ ಬೆಳೆಸಿದ ಟೊಮೇಟೊ ಒಂದೇ ರಾತ್ರಿಯಲ್ಲಿ ನೆಲಕ್ಕೆ ಒರಗಿದರೆ, ಆ ರೈತನ ಮುಂದೆ ಆನೆಯ ದಾರಿಯ ಮಹತ್ವ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಪರಿಹಾರ ತಡವಿಲ್ಲದೆ ಕೈಸೇರಬೇಕು, ಆನೆ ಬಂದ ಸುದ್ದಿ ಆನೆಗಿಂತ ಮುಂಚೆ ಊರು ಸೇರಬೇಕು. ಜನರ ಸಹಭಾಗಿತ್ವ ಎಂಬ ಮಾತು ಆಮೇಲಿನದು.

ಆ ಮಾತಿಗೆ ನಿಜವಾದ ಅರ್ಥ ಬಂದದ್ದನ್ನು ನೋಡಬೇಕಾದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. 1974ರಲ್ಲಿ ಅದು ಅಭಯಾರಣ್ಯವಾದಾಗ ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಬೇಟೆ, ಕಾಡುಬೇಸಾಯ ಎರಡೂ ನಿಂತವು. ಪೋಡು ಎನ್ನುವ ಅವರ ಎಷ್ಟೋ ಹಾಡಿಗಳು ಜಾಗ ಬದಲಿಸಿದವು. ಬೇಸಿಗೆ ಬಲಿಯುವ ಮುನ್ನವೇ ನೆಲದ ತರಗೆಲೆಯನ್ನು ಹಗುರವಾಗಿ ಸುಡುವ ಅವರ ತರಗುಬೆಂಕಿಯೂ ನಿಂತಿತು. ಲಂಟಾನ ಕಳೆ ಹಬ್ಬಿದ್ದು ಆಮೇಲೆ ಎಂದು ಸೋಲಿಗರು ಹೇಳುತ್ತಲೇ ಬಂದರು. ಏಟ್ರೀ ಸಂಸ್ಥೆಯ ಸಂಶೋಧಕರು ಆ ಮಾತಿಗೆ ಕಿವಿಗೊಟ್ಟು ಅಧ್ಯಯನ ಮಾಡಿದರು. ಸೋಲಿಗರ ಜೊತೆಗೂಡಿ ಅವರ ದೇವರ ತಾಣಗಳ ನಕ್ಷೆಯನ್ನೂ ಬರೆದರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ದೇಶದಲ್ಲೇ ಮೊದಲು ದೊರೆತದ್ದು ಅಲ್ಲಿ. ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಮರದ ಹೆಸರನ್ನೇ ಹೊತ್ತ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಗಾಗಿ, ಸುಮಾರು 25 ಎಕರೆ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದ್ದೂ ಆ ಬೆಟ್ಟದ ಅಂಚಿನಲ್ಲೇ. ಅಷ್ಟಗಲದ ನೆಲದ ಮೇಲೆ ಎರಡು ಕಾಡುಗಳ ನಂಟು ನಿಂತಿತ್ತು.

ನಮ್ಮ ಸೀಮೆಯಲ್ಲಿ ಸೋಲಿಗರಿಲ್ಲ. ಆದರೆ ನೀರುಗಂಟಿಗಳಿದ್ದರು. ಬಹುಪಾಲು ದಲಿತ ಮನೆತನದವರು. ಕೆರೆಗೆ ಇಳಿದು, ತೂಬಿನ ಕಲ್ಲುಗಂಬಗಳ ನಡುವೆ ಬಿರಡೆ ಎತ್ತಿ, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಗಿ ಬಿಡುತ್ತಿದ್ದವರು. ಸುಗ್ಗಿಯಲ್ಲಿ ಕಣದ ಬಳಿ ಅವರ ಪಾಲಿನ ಧಾನ್ಯ ಅವರಿಗೆ ಸಲ್ಲುತ್ತಿತ್ತು. ಕೋಡಿ ಎಲ್ಲಿ ಸವೆದಿದೆ, ಕಾಲುವೆ ಎಲ್ಲಿ ಹೂತಿದೆ ಎಂಬುದು ಅವರಿಗೆ ಬಾಯಿಪಾಠ. ಕೋಲಾರ ಜಿಲ್ಲೆಯ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳು ಒಂದಕ್ಕೊಂದು ಕೈಹಿಡಿದು ಬಾಳಿದ್ದು ಇಂಥವರ ದುಡಿಮೆಯಿಂದ. ಅವರು ಕಾದದ್ದು ನೀರನ್ನು. ನೀರಿನ ಜೊತೆಗೆ ಕಾಡುಜೀವಗಳ ದಾರಿಯೂ ಉಳಿಯಿತು.

ಕೊಳವೆಬಾವಿ ಬಂದ ಮೇಲೆ ಕೆರೆಯ ಹಂಗು ತೀರಿತೆಂದು ನಾವು ತಿಳಿದೆವು. ನೀರುಗಂಟಿಯ ಪಾಲು ನಿಂತಿತು, ಕಾಲುವೆಗೆ ಒತ್ತುವರಿ ಬಂತು, ಗೋಮಾಳಕ್ಕೆ ನೀಲಗಿರಿ ಬಂತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸುವ ಹೊತ್ತಿಗೆ ಎಷ್ಟೋ ಕುರುಚಲು ಕಣ್ಮರೆಯಾಗಿತ್ತು. ಗುಂಡುತೋಪುಗಳೂ ಕರಗಿದವು. ಹುಣಸೆ, ಮಾವು, ನೇರಳೆಯ ಆ ತೋಪುಗಳ ಫಸಲು ಹರಾಜಾಗುತ್ತಿತ್ತು. ಮರ ಮಾತ್ರ ಊರಿನದು. ಇಲ್ಲಿಂದ ದೂರವೇನಲ್ಲ, ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋಗಿ ನೋಡಿ. ಅಲ್ಲಿಯ ಪುರಾತನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ನಮ್ಮ ತೋಪುಗಳ ಬೆಲೆ ಏನೆಂದು ಅದನ್ನು ನೋಡಿದರೆ ತಿಳಿಯುತ್ತದೆ.

2002ರ ಜೀವವೈವಿಧ್ಯ ಕಾಯ್ದೆ ಪಂಚಾಯಿತಿಗಳಿಗೊಂದು ಸಮಿತಿಯನ್ನೂ, ಊರಿನ ಜೀವಸಂಪತ್ತನ್ನು ಊರವರೇ ಬರೆದಿಡುವ ದಾಖಲೆಯನ್ನೂ ಕೊಟ್ಟಿದೆ. ಆ ದಾಖಲೆಯಲ್ಲಿ ಗಿಡಮರಗಳ ಪಟ್ಟಿಯ ಜೊತೆಗೆ ದಾರಿಗಳೂ ಸೇರಬೇಕು: ಯಾವ ಗುಡ್ಡದಿಂದ ಯಾವ ಕೆರೆಗೆ, ಯಾವ ಬದುವಿನ ಮೇಲೆ, ಎಲ್ಲಿ ಕಡಿದಿದೆ, ಎಲ್ಲಿ ಹೊಂಗೆ ನೆಟ್ಟರೆ ಕೂಡುತ್ತದೆ. ಇದನ್ನು ಹೇಳಬಲ್ಲವರು ನೀರುಗಂಟಿ ಮನೆತನದ ಹಿರಿಯರು, ಕುರಿ ಕಾಯುವವರು, ಸೌದೆಗೆ ಗುಡ್ಡ ಹತ್ತುವ ಹೆಂಗಸರು. ಅವರನ್ನು ಸಮಿತಿಯ ಮುಂದಿನ ಸಾಲಿನಲ್ಲಿ ಕೂರಿಸಿ ಕೇಳಬೇಕು. ಬದುವಿಗೆ ಗಿಡ ನೆಟ್ಟು ಕಾಯುವ ಕೆಲಸಕ್ಕೆ ಉದ್ಯೋಗ ಖಾತರಿಯ ಕೂಲಿ ಅವರ ಕೈಗೇ ಸಲ್ಲಬೇಕು. ಗಡಿಯಾಚೆಯ ಪಂಚಾಯಿತಿಗಳನ್ನೂ ಕರೆಯಬೇಕು, ಭಾಷೆಯ ತೊಡಕು ನಮಗೆ ಹೇಗೂ ಇಲ್ಲ. ಬೈರಕೂರಿನ ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಈ ವಿಷಯವೂ ಬರಲಿ. ಒಂದು ಕಾಲುವೆಯಿಂದ ಶುರುಮಾಡಿದರೂ ಸಾಕು.